ಮ್ಯೂಸಿಯಂ ಪೆಟ್ಟಿಗೆಯಲ್ಲಿ ಮಲಗಿದ ಜೇಮ್ಸ್ ಲೂನಾ

1987ನೇ ಇಸವಿ. ಅಮೆರಿಕದ ಸ್ಯಾನ್ ಡಿಯೇಗೊ ಊರಿನ ಬಾಲ್ಬೋವಾ ಪಾರ್ಕಿನಲ್ಲಿ ಮ್ಯೂಸಿಯಂ ಆಫ್ ಮ್ಯಾನ್ ಎಂಬ ಸಂಗ್ರಹಾಲಯವಿತ್ತು. ಅದರೊಳಗೆ ಅಲ್ಲಿನ ಮೂಲನಿವಾಸಿ ಕುಮೆಯಾಯ್ ಜನರಿಗೆ ಮೀಸಲಾದ ಒಂದು ವಿಭಾಗ. ಹಳೆಯ ಕಾಲದ ಸಾಮಾನುಗಳ ನಡುವೆ ಒಂದು ಪೆಟ್ಟಿಗೆ. ಅದರ ತಳಕ್ಕೆ ಮರಳು ಹರಡಿದ್ದರು. ಮರಳಿನ ಮೇಲೆ ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿಕೊಂಡ ಗಂಡಸೊಬ್ಬರು ಅಂಗಾತ ಮಲಗಿದ್ದರು. ಅಲ್ಲಾಡುತ್ತಿರಲಿಲ್ಲ. ಆದರೆ ಉಸಿರಾಡುತ್ತಿದ್ದರು.

ಅವರು ಮೂಲನಿವಾಸಿ ಕಲಾವಿದ ಜೇಮ್ಸ್ ಲೂನಾ. ಕೃತಿಯ ಹೆಸರು ‘ದಿ ಆರ್ಟಿಫ್ಯಾಕ್ಟ್ ಪೀಸ್’. ಅದನ್ನು ನಾಟಕ ಅನ್ನಬೇಕೋ, ಶಿಲ್ಪ ಅನ್ನಬೇಕೋ, ಪ್ರತಿಭಟನೆ ಅನ್ನಬೇಕೋ, ಇವತ್ತಿಗೂ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಸಂಭಾಷಣೆ ಇಲ್ಲ, ಪರದೆ ಇಲ್ಲ, ಕತೆ ಇಲ್ಲ. ಆದರೂ ಅಲ್ಲಿ ನಾಟಕ ನಡೆಯುತ್ತಿತ್ತು. ಅದನ್ನು ಆಡುತ್ತಿದ್ದವರು ನೋಡಲು ಬಂದ ಜನ.

ನಾನು ಸ್ಯಾನ್ ಡಿಯೇಗೊಗೆ ಕೆಲಸಕ್ಕೆ ಬಂದು ನೆಲೆಸುವ ಹೊತ್ತಿಗೆ ಇದೆಲ್ಲ ಹಳೆಯ ಸುದ್ದಿಯಾಗಿತ್ತು. ಫೋಟೋಗಳಲ್ಲಿ, ವಿಡಿಯೊಗಳಲ್ಲಿ, ಓದಿನಲ್ಲಿ ನಾನು ಲೂನಾ ಅವರನ್ನು ನಿಧಾನಕ್ಕೆ ತಿಳಿದುಕೊಂಡೆ. ಒಮ್ಮೆ ಹತ್ತಿರ ಹೋದ ಮೇಲೆ ಬಿಡಲಾಗಲಿಲ್ಲ. ಇಷ್ಟು ಕಡಿಮೆ ಸಾಮಾನು ಇಟ್ಟುಕೊಂಡು ಇಷ್ಟು ದೊಡ್ಡ ಕೆಲಸ ಮಾಡಿದ ಇನ್ನೊಬ್ಬ ರಂಗಕರ್ಮಿ ನನಗೆ ಗೊತ್ತಿಲ್ಲ.

ಆ ಪೆಟ್ಟಿಗೆಯ ಪಕ್ಕದ ಚೀಟಿಗಳಿಂದಲೇ ಶುರು ಮಾಡುತ್ತೇನೆ. ಮ್ಯೂಸಿಯಂನಲ್ಲಿ ಪ್ರತಿ ವಸ್ತುವಿನ ಪಕ್ಕ ವಿವರಣೆಯ ಚೀಟಿ ಇರುತ್ತದೆ, ಅಲ್ವಾ? ಲೂನಾ ತಮ್ಮ ಮೈಮೇಲಿನ ಗಾಯದ ಗುರುತುಗಳಿಗೂ ಹಾಗೇ ಚೀಟಿ ಬರೆದಿಟ್ಟಿದ್ದರು. ಒಂದರ ಸಾರಾಂಶ ಹೀಗಿದೆ: ಇವನು ಮೈಮೇಲೆ ಎಚ್ಚರವಿಲ್ಲದಷ್ಟು ಕುಡಿದಿದ್ದಾಗ ಬೇರೆ ರಿಸರ್ವೇಶನ್ನಿನವರು (ಮೂಲನಿವಾಸಿಗಳಿಗೆಂದು ಬಿಟ್ಟ ನೆಲಕ್ಕೆ ಅಮೆರಿಕದಲ್ಲಿ ರಿಸರ್ವೇಶನ್ ಅನ್ನುತ್ತಾರೆ) ಮೇಲೆ ಬಿದ್ದು ಹೊಡೆದರು, ಮುಖಕ್ಕೆ ಒದ್ದರು, ಒಬ್ಬ ಮುದುಕ ಬಂದು ಉಳಿಸಿದ, ಆಮೇಲಿಂದ ಇವನು ನೆಂಟರನ್ನೂ ಬೇರೆ ಇಂಡಿಯನ್ನರನ್ನೂ, ಅಂದರೆ ಅಮೆರಿಕದ ಮೂಲನಿವಾಸಿಗಳನ್ನೂ, ಸುಲಭಕ್ಕೆ ನಂಬುವುದಿಲ್ಲ. ಇನ್ನೊಂದು ಚೀಟಿ ಉಂಗುರದ ಬೆರಳಿಗೆ. ಮದುವೆ ಎರಡು ವರ್ಷ ಕೂಡ ನಿಲ್ಲಲಿಲ್ಲ. ಇಬ್ಬರೂ ಕುಡಿತದ ಮನೆಗಳಲ್ಲಿ ಬೆಳೆದವರು, ಆ ಭಯ ಇಬ್ಬರನ್ನೂ ಬಿಡಲಿಲ್ಲ. ಉಂಗುರವಿದ್ದ ಜಾಗದಲ್ಲಿ ಚರ್ಮ ಮಾತ್ರ ದಪ್ಪಗಾಗಿ ಉಳಿದಿದೆ.

ಎಲ್ಲವೂ ಮ್ಯೂಸಿಯಂನ ತಣ್ಣಗಿನ ಧಾಟಿಯಲ್ಲೇ ಇದೆ. ‘ನಾನು’ ಅನ್ನುವ ಮಾತಿಲ್ಲ. ದೂರ ನಿಂತು ಯಾರೋ ಒಬ್ಬ ತಜ್ಞ ಬರೆದ ಹಾಗಿದೆ. ಮಡಕೆಯ ಬಿರುಕನ್ನು ವಿವರಿಸುವ ದನಿಯಲ್ಲಿ ಒಬ್ಬ ಮನುಷ್ಯನ ಡಿವೋರ್ಸನ್ನು ಹೇಳಿದರೆ ಹೇಗಿರುತ್ತದೆ ಅಂತ ಯೋಚಿಸಿ. ಓದುವವರು ಚೀಟಿಯಿಂದ ಕಣ್ಣು ತೆಗೆದು ಬೆರಳನ್ನು ನೋಡುತ್ತಾರೆ. ಆ ಬೆರಳು ಅಲ್ಲೇ ಇದೆ, ಬೆಚ್ಚಗಿದೆ. ಮಲಗಿರುವವನಿಗೆ ಕಿವಿಯೂ ಕೇಳಿಸುತ್ತದೆ.

ಪಕ್ಕದಲ್ಲಿ ಇನ್ನೆರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಅವರ ಊರಿನಲ್ಲಿ ಆಗಲೂ ಬಳಕೆಯಲ್ಲಿದ್ದ ಆಚರಣೆಯ ವಸ್ತುಗಳು. ಇನ್ನೊಂದರಲ್ಲಿ ಅವರ ಸ್ವಂತ ಸಾಮಾನು: ಮೆಚ್ಚಿನ ಪುಸ್ತಕಗಳು, ಹಾಡಿನ ರೆಕಾರ್ಡುಗಳು, ಫೋಟೋಗಳು, ಕಾಲೇಜಿನ ಪದವಿಪತ್ರ, ಡಿವೋರ್ಸ್ ಕಾಗದ. ನನಗೆ ಈ ಎರಡನೇ ಪೆಟ್ಟಿಗೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಸತ್ತುಹೋದ ಜನಾಂಗ ಅಂತ ತೋರಿಸುವ ಜಾಗದಲ್ಲಿ ರಾಕ್ ಸಂಗೀತ ಕೇಳುವ, ಪದವಿ ಪಡೆದ, ಕೋರ್ಟಿಗೆ ಅಲೆದ ಒಬ್ಬ ಮನುಷ್ಯ ಇದ್ದಾನೆ ಎಂದು ಅದು ಹೇಳುತ್ತದೆ.

ಜನ ಏನು ಮಾಡಿದರು? ಅವರ ಎದುರಲ್ಲೇ ನಿಂತು ಅವರ ಬಗ್ಗೆ ಮಾತಾಡಿದರು, ಅವರು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಬದುಕಿದ್ದಾನಾ ಅಂತ ಅನುಮಾನಪಟ್ಟರು. ಕೊನೆಗೆ ಜೀವ ಇದೆ ಅಂತ ಗೊತ್ತಾದಾಗ ಬೆಚ್ಚಿದರು. ಲೂನಾ ನಡುನಡುವೆ ಎದ್ದುಹೋಗುತ್ತಿದ್ದರು. ಆಗ ಮರಳಿನಲ್ಲಿ ಮೈಯ ಅಚ್ಚು ಮತ್ತು ಚೀಟಿಗಳು ಮಾತ್ರ ಉಳಿಯುತ್ತಿದ್ದವು. ಆಮೇಲೆ ಬಂದವರು ಅಚ್ಚನ್ನೇ ನೋಡಿ, ಓದಿಕೊಂಡು ಹೋಗಬೇಕಿತ್ತು.

ಬಾಲ್ಬೋವಾ ಪಾರ್ಕಿಗೆ ಇನ್ನೊಂದು ಹಳೆಯ ಲೆಕ್ಕವಿದೆ. 1915ರಲ್ಲಿ ಅಲ್ಲಿ ಪನಾಮಾ–ಕ್ಯಾಲಿಫೋರ್ನಿಯಾ ಎಕ್ಸ್‌ಪೊಸಿಷನ್ ಎಂಬ ಭಾರೀ ವಸ್ತುಪ್ರದರ್ಶನ ನಡೆಯಿತು. ಮ್ಯೂಸಿಯಂ ಹುಟ್ಟಿದ್ದೂ ಅದರಿಂದಲೇ. ಅದರಲ್ಲಿ ಸಾಂಟಾ ಫೆ ರೈಲ್ವೆ ಕಂಪನಿ ‘ಪೇಂಟೆಡ್ ಡೆಸರ್ಟ್’ ಅಂತ ಒಂದು ಊರನ್ನೇ ಕಟ್ಟಿಸಿತ್ತು. ಪ್ವೆಬ್ಲೊ, ನವಾಹೊ ಮುಂತಾದ ಸಮುದಾಯದವರನ್ನು ಕರೆತಂದು ಅಲ್ಲಿ ಇರಿಸಿದ್ದರು. ಅವರು ಮಡಕೆ ಮಾಡುವುದನ್ನು, ನೇಯುವುದನ್ನು, ಬಾಳುವುದನ್ನು ಜನ ಟಿಕೆಟ್ ಕೊಂಡು ನೋಡುತ್ತಿದ್ದರು. ಪಕ್ಕಾ ರೈಲ್ವೆ ಜಾಹೀರಾತು. ಲೂನಾ ಮಲಗಿದ್ದು ಅದೇ ಪಾರ್ಕಿನಲ್ಲಿ, 72 ವರ್ಷಗಳ ನಂತರ.

ಅದೇ ಕಾಲದಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇಶಿ ಎಂದು ಕರೆಯಲ್ಪಟ್ಟ ಯಾಹಿ ಬುಡಕಟ್ಟಿನ ಒಬ್ಬ ಮನುಷ್ಯ ಇದ್ದ. ಅವನ ಜನರನ್ನೆಲ್ಲ ಬಿಳಿಯರು ಕೊಂದು ಮುಗಿಸಿದ್ದರು. 1911ರಲ್ಲಿ ಹಸಿವಿನಿಂದ ಕಂಗೆಟ್ಟು ಒರೋವಿಲ್ ಊರಿಗೆ ಬಂದ. ವಿಶ್ವವಿದ್ಯಾಲಯದವರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂನಲ್ಲೇ ಇರಿಸಿಕೊಂಡರು. ಬಂದವರ ಮುಂದೆ ಅವನು ಬಾಣ ಮಾಡಿ ತೋರಿಸುತ್ತಿದ್ದ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಸತ್ತ ಮೇಲೆ ಅವನ ಮೆದುಳನ್ನು ತೆಗೆದು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದರು. ಅದು ಅವನ ನೆಂಟಸ್ತಿಕೆಯ ಸಮುದಾಯಗಳ ಕೈಗೆ ಮರಳಿದ್ದು 2000ದಲ್ಲಿ. ಲೂನಾ ತಮ್ಮ ಕೊನೆಯ ವರ್ಷಗಳಲ್ಲಿ ಇಶಿಯ ಬಗ್ಗೆಯೂ ಒಂದು ರಂಗಕೃತಿ ಮಾಡಿದರು. ಅವರ ಮೊದಲ ದೊಡ್ಡ ಕೆಲಸದಲ್ಲೇ ಇಶಿ ಇದ್ದ ಅಂತ ನನ್ನ ಅನಿಸಿಕೆ.

ಲೂನಾ ಹುಟ್ಟಿದ್ದು 1950ರಲ್ಲಿ, ಕ್ಯಾಲಿಫೋರ್ನಿಯಾದ ಆರೆಂಜ್ ಊರಿನಲ್ಲಿ. ಅವರು ಪಾಯೋಮ್‌ಕಾವಿಚುಮ್ ಎಂಬ ಮೂಲನಿವಾಸಿ ಜನಾಂಗದವರು, ಸ್ಪ್ಯಾನಿಷರು ಈ ಜನರನ್ನು ಲುಯಿಸೇನ್ಯೊ ಎಂದು ಕರೆದರು. ಇಪಾಯ್ ಎಂಬ ಇನ್ನೊಂದು ಸಮುದಾಯದ ಮೂಲವೂ ಇತ್ತು, ಮೆಕ್ಸಿಕನ್ ಮೂಲವೂ ಇತ್ತು. ಅರ್ವೈನ್‌ನ ವಿಶ್ವವಿದ್ಯಾಲಯದಲ್ಲಿ ಕಲೆ ಓದಿ, ಆಮೇಲೆ ಸ್ಯಾನ್ ಡಿಯೇಗೊದಲ್ಲಿ ಕೌನ್ಸೆಲಿಂಗ್ ಕಲಿತು, ಪಾಲೊಮಾರ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಲಹೆಗಾರರಾಗಿ ದುಡಿದರು. ಊಟದ ದಾರಿ ಅದು. ಬಾಳಿದ್ದು ಪಾಲೊಮಾರ್ ಬೆಟ್ಟದ ತಪ್ಪಲಿನ ಲಾ ಹೋಯಾ ರಿಸರ್ವೇಶನ್ನಿನಲ್ಲಿ. ಸ್ಯಾನ್ ಡಿಯೇಗೊ ಸಮುದ್ರ ತೀರದಲ್ಲಿ ಇದೇ ಹೆಸರಿನ ಶ್ರೀಮಂತರ ಬಡಾವಣೆ ಇದೆ, ನೆಂಟರು ಬಂದಾಗ ನಾವೆಲ್ಲ ಸೀಲ್ ನೋಡಲು ಕರೆದುಕೊಂಡು ಹೋಗುವ ಜಾಗ. ಅದಲ್ಲ ಇದು. ಸ್ಯಾನ್ ಡಿಯೇಗೊ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, 18 ರಿಸರ್ವೇಶನ್‌ಗಳಿವೆ, ಅಮೆರಿಕದ ಬೇರೆ ಯಾವ ಕೌಂಟಿಯಲ್ಲೂ ಅಷ್ಟಿಲ್ಲ. ಇಲ್ಲಿ ವರ್ಷಗಟ್ಟಲೆ ಇದ್ದವರಿಗೂ ಅವು ಗೊತ್ತಿರುವುದು ಹೆಚ್ಚಾಗಿ ಅಲ್ಲಿನ ಕ್ಯಾಸಿನೊಗಳ ಬೋರ್ಡುಗಳಿಂದ.

ಈ ಕೌನ್ಸೆಲಿಂಗ್ ಕೆಲಸಕ್ಕೂ ಅವರ ರಂಗಕ್ಕೂ ಸಂಬಂಧವಿದೆ ಅಂತ ನನಗನ್ನಿಸುತ್ತದೆ. ದಿನವಿಡೀ ಎದುರು ಕೂತವರ ಮಾತು ಕೇಳುವವರಿಗೆ ಒಂದು ವಿಷಯ ಗೊತ್ತಿರುತ್ತದೆ: ತಾವು ಸುಮ್ಮನಿದ್ದರೆ ಎದುರಿನವರು ತಾವಾಗಿ ಬಾಯಿ ಬಿಡುತ್ತಾರೆ. ಆ ಮೌನವನ್ನು ಅವರು ರಂಗಕ್ಕೆ ತಂದರು.

1991ರ ‘ಟೇಕ್ ಎ ಪಿಕ್ಚರ್ ವಿತ್ ಎ ರಿಯಲ್ ಇಂಡಿಯನ್’ ಕೃತಿಯಲ್ಲಿ ಅವರು ಮಾತಾಡುತ್ತಾರೆ, ಆದರೂ ಕೆಲಸ ಅದೇ. ನ್ಯೂಯಾರ್ಕಿನಲ್ಲಿ ವಿಟ್ನಿ ಮ್ಯೂಸಿಯಂನ ಒಂದು ಶಾಖೆಯಲ್ಲಿ ಮೊದಲು ಆಡಿದ್ದು. ನಿಜವಾದ ಇಂಡಿಯನ್ ಜೊತೆ ಫೋಟೋ ತೆಗೆಸಿಕೊಳ್ಳಿ ಬನ್ನಿ ಅಂತ ಜನರನ್ನು ಕರೆಯುತ್ತಾರೆ. ಮೂರು ವೇಷ. ಒಮ್ಮೆ ಬರೀ ಸೊಂಟದ ಬಟ್ಟೆ. ಒಮ್ಮೆ ಗರಿ, ಎಲುಬಿನ ಎದೆಕವಚ ತೊಟ್ಟ ಯುದ್ಧನೃತ್ಯದ ಉಡುಗೆ. ಒಮ್ಮೆ ದಿನಾ ಹಾಕುವ ಪ್ಯಾಂಟು ಶರ್ಟು. ಯಾರ ಜೊತೆ ನಿಲ್ಲಬೇಕು ಅಂತ ಆರಿಸುವುದು ಬಂದವರ ಪಾಲಿಗೆ. ಗರಿಯ ವೇಷ ಬಂತೆಂದರೆ ಜನರ ಉತ್ಸಾಹ ಏರುತ್ತಿತ್ತು. ಪ್ಯಾಂಟು ಶರ್ಟಿನಲ್ಲಿ ನಿಂತವರೂ ಅವರೇ ತಾನೇ!

ಪೊಲರಾಯ್ಡ್ ಕ್ಯಾಮೆರಾದಲ್ಲಿ ಎರಡು ಫೋಟೋ ತೆಗೆಯುತ್ತಿದ್ದರು. ಒಂದು ಬಂದವರ ಕೈಗೆ. ಇನ್ನೊಂದು ಅಲ್ಲೇ ಉಳಿದು ಕೃತಿಯ ಭಾಗವಾಗುತ್ತಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಫೋಟೋ ತೆಗೆಸಿಕೊಂಡವರು ಒಂದು ನೆನಪಿನ ಕಾಣಿಕೆ ಸಿಕ್ಕಿತು ಅಂದುಕೊಂಡು ಹೋಗುತ್ತಾರೆ. ಅವರು ಬಿಟ್ಟುಹೋದ ಇನ್ನೊಂದು ಪ್ರತಿ ಗೋಡೆ ಮೇಲೆ ಕೂರುತ್ತದೆ. ಈಗ ಪ್ರದರ್ಶನದ ವಸ್ತು ಯಾರು? ನಗುತ್ತಾ, ಭುಜಕ್ಕೆ ಭುಜ ತಾಗಿಸಿ ನಿಂತವರು ಕೂಡ. 2010ರ ಕೊಲಂಬಸ್ ದಿನದಂದು ಲೂನಾ ಇದನ್ನೇ ವಾಷಿಂಗ್ಟನ್ ಡಿ.ಸಿ.ಯ ಯೂನಿಯನ್ ಸ್ಟೇಷನ್ ಎದುರು ಆಡಿದರು. ಅಲ್ಲಿ ಕೊಲಂಬಸ್‌ನದೇ ದೊಡ್ಡ ಕಾರಂಜಿ ಇದೆ. ಜಾಗದ ಆಯ್ಕೆಯಲ್ಲೇ ಅರ್ಧ ಮಾತು ಮುಗಿದಿತ್ತು.

ಇದನ್ನು ನೋಡುವಾಗ ನನ್ನ ಮನಸ್ಸು ಕರಾವಳಿಗೆ ಹೋಗದೆ ಇರುವುದಿಲ್ಲ. ನಾನು ಉಡುಪಿ ಕಡೆಯವನು. ನಮ್ಮಲ್ಲಿ ಅಷ್ಟಮಿಗೆ, ನವರಾತ್ರಿಗೆ ಹುಲಿವೇಷದ ಜೊತೆ ಬೇರೆ ಬೇರೆ ವೇಷಗಳೂ ಬೀದಿಗೆ ಬರುತ್ತವೆ. ಅದರಲ್ಲಿ ಒಂದು ಕೊರಗ ವೇಷ, ಕರಾವಳಿಯ ಕೊರಗ ಬುಡಕಟ್ಟಿನವರನ್ನು ಅಣಕಿಸುವಂಥದ್ದು. ಕೊರಗರಲ್ಲದ ಹುಡುಗರು ಮೈಗೆ ಕಪ್ಪು ಬಳಿದುಕೊಂಡು, ಅಡಿಕೆ ಹಾಳೆಯ ಟೋಪಿ ಇಟ್ಟುಕೊಂಡು, ವಿಚಿತ್ರವಾಗಿ ಕುಣಿದು ದುಡ್ಡು ಕೇಳುತ್ತಿದ್ದರು. ನೋಡುವವರಿಗೆ ಅದೊಂದು ತಮಾಷೆ. ಕೊರಗರು ಇದನ್ನು ವಿರೋಧಿಸಿ ಹೋರಾಡಿದರು, ಜಿಲ್ಲಾಡಳಿತ ನಿಷೇಧ ಹೇರಿತು. 2022ರ ಜನವರಿಯಲ್ಲೂ ವಿಟ್ಲದ ಹತ್ತಿರ ಮದುಮಗನೊಬ್ಬ ಜನ ದೈವವೆಂದು ಆರಾಧಿಸುವ ಕೊರಗಜ್ಜನ ವೇಷ ಹಾಕಿಕೊಂಡು ಮೆರವಣಿಗೆ ಬಂದದ್ದು ದೊಡ್ಡ ಸುದ್ದಿಯಾಯಿತು, ಪೊಲೀಸ್ ಕೇಸೂ ಆಯಿತು.

ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಎರಡೇ ಸಮುದಾಯ: ಜೇನುಕುರುಬರು ಮತ್ತು ಕೊರಗರು. ಕೊರಗರ ವಿಷಯದಲ್ಲಿ ಅಜಲು ಎಂಬ ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳದ ಮೊದಲು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು, ಇಂಥದ್ದನ್ನೆಲ್ಲ ಸಂಪ್ರದಾಯ ಅಂತ ಕರೆಯುತ್ತಿದ್ದ ಊರು ನಮ್ಮದು. ಇಲ್ಲೂ ವೇಷ ಇತ್ತು, ಡೋಲು ಇತ್ತು, ನೋಡುವ ಜನ ಇದ್ದರು. ಯಾರನ್ನು ನೋಡಿ ನಗುತ್ತಿದ್ದರೋ ಅವರ ಕೈಯಲ್ಲಿ ಆ ಆಟದ ಹಿಡಿತ ಮಾತ್ರ ಇರಲಿಲ್ಲ.

ಲೂನಾ ಹಾಕಿಕೊಂಡದ್ದೂ ವೇಷವೇ. ಅಮೆರಿಕದವರು ಸಿನಿಮಾದಲ್ಲಿ, ಹಾಲೊವೀನ್ ಅಂಗಡಿಯಲ್ಲಿ ಹೊಲಿಸಿಟ್ಟ ಇಂಡಿಯನ್ ವೇಷವನ್ನೇ ಅವರು ತೊಟ್ಟರು. ವ್ಯತ್ಯಾಸ ಇಷ್ಟೇ, ಯಾವಾಗ ತೊಡಬೇಕು, ಯಾವಾಗ ಬಿಚ್ಚಬೇಕು, ಅದರ ಪಕ್ಕದಲ್ಲಿ ಪ್ಯಾಂಟು ಶರ್ಟನ್ನು ಯಾಕೆ ಇಡಬೇಕು ಎಂದು ತೀರ್ಮಾನಿಸಿದ್ದು ಅವರು. ಈ ‘ಇಷ್ಟೇ’ ಅನ್ನುವುದು ನನ್ನ ಮಟ್ಟಿಗೆ ಇಡೀ ವಿಷಯ.

ಅವರ ಕೃತಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಪೆಟ್ಟಿಗೆಯೂ ಅಲ್ಲ, ಫೋಟೋವೂ ಅಲ್ಲ. ಅದು 1993ರ ಒಂದು ಸಣ್ಣ ವಿಡಿಯೊ. ನಿರ್ದೇಶಕರು ಐಸಾಕ್ ಆರ್ಟೆನ್‌ಸ್ಟೈನ್. ಹೆಸರು ಕೇಳಿದರೆ ದಪ್ಪ ಇತಿಹಾಸ ಗ್ರಂಥ ಅನ್ನಿಸಬೇಕು: ‘ದಿ ಹಿಸ್ಟರಿ ಆಫ್ ದಿ ಲುಯಿಸೇನ್ಯೊ ಪೀಪಲ್’. ಆದರೆ ಒಳಗಿರುವುದು 1990ರ ಕ್ರಿಸ್ಮಸ್ ರಾತ್ರಿ, ಲಾ ಹೋಯಾ ರಿಸರ್ವೇಶನ್ನಿನ ಒಂದು ಮನೆ. ಲೂನಾ ಆಡುವ ಮನುಷ್ಯ ಒಬ್ಬನೇ ಕೂತಿದ್ದಾನೆ. ಟಿವಿ ಓಡುತ್ತಿದೆ. ಕೈಯಲ್ಲಿ ಬಿಯರ್. ಇನ್ನೊಂದು ಕೈಯಲ್ಲಿ ಫೋನು. ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳುತ್ತಾನೆ. ಬರಲಾಗಲಿಲ್ಲ ಅನ್ನುತ್ತಾನೆ, ಏನೋ ನೆಪ ಹೇಳುತ್ತಾನೆ. ಆ ಕಡೆಯ ದನಿ ನಮಗೆ ಕೇಳುವುದಿಲ್ಲ. ಇವನ ಮಾತು ಮತ್ತು ನಡುವಿನ ಸುಮ್ಮನಿರುವಿಕೆ ಮಾತ್ರ.

ದೂರದೇಶದಲ್ಲಿ ಕೂತು ದೀಪಾವಳಿಗೆ ಊರಿಗೆ ಫೋನ್ ಮಾಡುವ ನಮ್ಮಂಥವರಿಗೆ ಆ ನೆಪಗಳ ಧಾಟಿ ಚೆನ್ನಾಗಿ ಗೊತ್ತು. ಆದರೆ ಒಂದು ಕಡೆ ಎದೆ ಹಿಂಡುತ್ತದೆ. ನಾವು ಬಿಟ್ಟುಬಂದವರು. ಇವನು ಎಲ್ಲಿಗೂ ಹೋಗಿಲ್ಲ. ತನ್ನದೇ ನೆಲದಲ್ಲಿ ಕೂತಿದ್ದಾನೆ, ತನ್ನವರೆಲ್ಲ ಒಂದು ಫೋನಿನಷ್ಟು ಹತ್ತಿರ ಇದ್ದಾರೆ, ಆದರೂ ಒಬ್ಬನೇ. ಒಂದು ಜನಾಂಗದ ಇತಿಹಾಸ ಅಂತ ಇದಕ್ಕೆ ಹೆಸರಿಟ್ಟಿದ್ದಾರಲ್ಲ, ಅದು ಸರಿಯಾಗಿದೆ. ನೆಲ ಕಿತ್ತುಕೊಂಡದ್ದು, ಸ್ಪ್ಯಾನಿಷ್ ಪಾದ್ರಿಗಳ ಮಿಷನ್‌ಗಳು (ಮತಪ್ರಚಾರದ ಕೇಂದ್ರಗಳು) ಬಂದದ್ದು, ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಎಳೆದೊಯ್ದದ್ದು, ಎಲ್ಲದರ ಕೊನೆಗೆ ಉಳಿದದ್ದು ಈ ಕುರ್ಚಿ, ಈ ಬಾಟಲಿ, ಈ ಫೋನು.

ಕುಡಿತವನ್ನು ಇಷ್ಟು ಬಿಚ್ಚಿ ತೋರಿಸಿದ್ದಕ್ಕೆ ಆಕ್ಷೇಪ ಎತ್ತಬಹುದು. ಕುಡುಕ ಇಂಡಿಯನ್ ಅನ್ನುವ ಹಳೆಯ ಅವಮಾನಕ್ಕೆ ಇದು ಇನ್ನಷ್ಟು ತುಪ್ಪ ಸುರಿಯುವುದಿಲ್ಲವೇ ಅಂತ. ನನಗೆ ಹಾಗನ್ನಿಸುವುದಿಲ್ಲ. ಅವಮಾನ ಮಾಡುವವರು ದೂರದಿಂದ ಒಂದು ಚಿತ್ರ ನೋಡಿ ನಕ್ಕು ಹೋಗುತ್ತಾರೆ. ಲೂನಾ ನಮ್ಮನ್ನು ಆ ಕೋಣೆಯಲ್ಲಿ ಕೂರಿಸಿಬಿಡುತ್ತಾರೆ, ಎದ್ದುಹೋಗಲು ಬಿಡುವುದಿಲ್ಲ. ಅವರು ಪೋಷಕರ ಕುಡಿತವನ್ನು ನೋಡಿ ಬೆಳೆದವರು, ಕಾಲೇಜಿನಲ್ಲಿ ತಮ್ಮಂಥ ಮಕ್ಕಳ ಕತೆ ಕೇಳಿದವರು. ಮುಚ್ಚಿಟ್ಟರೆ ಯಾರಿಗೂ ಒಳ್ಳೆಯದಾಗಲ್ಲ ಅಂತ ಅವರಿಗೆ ಗೊತ್ತಿತ್ತು.

ಸಕ್ಕರೆ ಕಾಯಿಲೆಯನ್ನೂ ಅವರು ಹೀಗೇ ರಂಗಕ್ಕೆ ತಂದರು. ಅಮೆರಿಕದ ಮೂಲನಿವಾಸಿಗಳಲ್ಲಿ ಡಯಾಬಿಟಿಸ್ ತುಂಬಾ ಜಾಸ್ತಿ. ಬೇಟೆ, ಕಾಡಿನ ಬೀಜ, ಹಣ್ಣು ಹೋಗಿ ಸರ್ಕಾರಿ ರೇಷನ್ನಿನ ಹಿಟ್ಟು, ಕೊಬ್ಬು, ಸಕ್ಕರೆ ಬಂದಮೇಲಿನ ಕತೆ ಅದು. ಲೂನಾಗೂ ಆ ಕಾಯಿಲೆ ಇತ್ತು. ಪ್ರೇಕ್ಷಕರ ಎದುರೇ ಊಟ ತಯಾರಿಸಿಕೊಂಡು, ಇನ್ಸುಲಿನ್ ಚುಚ್ಚಿಕೊಂಡು ತಿಂದದ್ದುಂಟು. ಅಭಿನಯ ಅಂತ ಬೇರೆ ಏನೂ ಇಲ್ಲ, ಸೂಜಿ ನಿಜದ್ದೇ. ವ್ಯಾಯಾಮದ ಸೈಕಲ್ ಮೇಲೆ ಕೂತು ಹಾಲಿವುಡ್ ಬೈಕ್ ಸಿನಿಮಾಗಳನ್ನು ಹಿನ್ನೆಲೆಯಲ್ಲಿ ಓಡಿಸುವಂಥ ಭಾಗಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ, ಆ ಸಿನಿಮಾಗಳ ಜೊತೆ ಬೆಳೆದವರಿಗೆ ಬೇರೆಯೇ ಅನ್ನಿಸಬಹುದು. ಸೂಜಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

2005ರಲ್ಲಿ ಅಮೆರಿಕನ್ ಇಂಡಿಯನ್ನರ ರಾಷ್ಟ್ರೀಯ ಮ್ಯೂಸಿಯಂ ಅವರನ್ನು ವೆನಿಸ್ ಬಿಯೆನಾಲೆಗೆ ಕಳಿಸಿತು. ಜಗತ್ತಿನ ದೊಡ್ಡ ಕಲಾ ಮೇಳ ಅದು. ಅಲ್ಲಿ ಲೂನಾ ತಮ್ಮ ಕೃತಿಯನ್ನು ಪಾಬ್ಲೊ ತಾಕ್ ಎಂಬ ಹುಡುಗನಿಗೆ ಅರ್ಪಿಸಿದರು. 1822ರಲ್ಲಿ ಸ್ಯಾನ್ ಲೂಯಿಸ್ ರೇ ಮಿಷನ್ನಿನಲ್ಲಿ ಹುಟ್ಟಿದ ಲುಯಿಸೇನ್ಯೊ ಹುಡುಗ. ಹತ್ತು ವರ್ಷದವನಿದ್ದಾಗ ಪಾದ್ರಿಯೊಬ್ಬರು ಅವನನ್ನೂ ಇನ್ನೊಬ್ಬ ಹುಡುಗನನ್ನೂ ಹಡಗು ಹತ್ತಿಸಿ ಕರೆದೊಯ್ದರು. ಕೊನೆಗೆ ರೋಮ್ ಸೇರಿದ. ಅಲ್ಲಿ ಓದುತ್ತಾ ತನ್ನ ಭಾಷೆಯ ವ್ಯಾಕರಣ ಬರೆದ, ಪದಕೋಶ ಶುರು ಮಾಡಿದ, ತನ್ನ ಜನರ ಬಗ್ಗೆ, ಅವರ ಕುಣಿತದ ಬಗ್ಗೆ ಬರೆದ. ಜೊತೆಗಿದ್ದ ಹುಡುಗ ಮೊದಲೇ ತೀರಿಕೊಂಡಿದ್ದ. ತಾಕ್ 1841ರಲ್ಲಿ ತೀರಿಕೊಂಡ. ಇಪ್ಪತ್ತು ತುಂಬಿರಲಿಲ್ಲ. ತಿರುಗಿ ಮನೆಗೆ ಬರಲೇ ಇಲ್ಲ.

ಲೂನಾ ವೆನಿಸ್‌ನಲ್ಲಿ ಅವನಿಗಾಗಿ ಒಂದು ಪ್ರಾರ್ಥನಾ ಮಂದಿರದಂಥ ಕೋಣೆ ಕಟ್ಟಿದರು. ನಾಲ್ಕು ದಿನ, ಗಂಟೆಗಟ್ಟಲೆ, ನೆಲದ ಮೇಲೆ ಗುರುತು ಮಾಡಿದ ವೃತ್ತದೊಳಗೆ ಕುಣಿದರು. ಬಂದವರಲ್ಲಿ ಕೆಲವರು ಸ್ವಲ್ಪ ಹೊತ್ತು ನಿಂತು ಹೋದರು, ಕೆಲವರು ಉಳಿದರು. ತಮ್ಮ ಜನರ ಕುಣಿತವನ್ನು ಆ ಹುಡುಗ ಕಾಗದದ ಮೇಲೆ ಬರೆದಿಟ್ಟಿದ್ದ. ಅದೇ ಇಟಲಿ ದೇಶದಲ್ಲಿ, 160ಕ್ಕೂ ಹೆಚ್ಚು ವರ್ಷಗಳ ನಂತರ, ಅವನ ಊರಿನವರೊಬ್ಬರು ಬಂದು ಕುಣಿದರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಮಲಗಿದ್ದು, ಫೋಟೋಗೆ ನಿಂತದ್ದು, ಫೋನ್ ಹಿಡಿದದ್ದು, ಸೂಜಿ ಚುಚ್ಚಿಕೊಂಡದ್ದು, ಕುಣಿದದ್ದು ಎಲ್ಲ ಒಂದೇ ಮೈ. ಚಿತ್ರಕಲೆ, ವಿಡಿಯೊ, ನಾಟಕ, ಸಂಗೀತ ಅಂತ ಹಲವು ಕಲೆಗಳನ್ನು ಅವರು ಬೆರೆಸಿದ್ದು ಹೊಸತನದ ಆಸೆಗಲ್ಲ. ಹೇಳಬೇಕಾದದ್ದಕ್ಕೆ ಯಾವುದು ಕೈಗೆ ಒದಗಿತೋ ಅದನ್ನು ಹಿಡಿದರು.

ಲೂನಾ 2018ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೀರಿಕೊಂಡರು. ಹಿಂದಿನ ವರ್ಷವಷ್ಟೇ ಅವರಿಗೆ ಗುಗೆನ್‌ಹೈಮ್ ಫೆಲೋಶಿಪ್ ಬಂದಿತ್ತು. ಅದಕ್ಕೂ ಮೊದಲೇ, 2008ರಲ್ಲಿ, ಅಲಾಸ್ಕಾ ಮೂಲದ ಕಲಾವಿದೆ ಎರಿಕಾ ಲಾರ್ಡ್ ನ್ಯೂಯಾರ್ಕಿನಲ್ಲಿ ಅದೇ ಥರದ ಪೆಟ್ಟಿಗೆಯಲ್ಲಿ ಮಲಗಿ ‘ಆರ್ಟಿಫ್ಯಾಕ್ಟ್ ಪೀಸ್’ ಅನ್ನು ಮತ್ತೆ ಆಡಿದ್ದರು. ಹೆಣ್ಣಿನ ಮೈಯನ್ನು ನೋಡುವ ಕಣ್ಣು ಬೇರೆ ಇರುತ್ತದಲ್ಲ, ಅದೂ ಅಲ್ಲಿ ಸೇರಿಕೊಂಡಿತು. ಇನ್ನು ಕಾನೂನಿನ ಕಡೆ, ಲೂನಾ ಪೆಟ್ಟಿಗೆಯಲ್ಲಿ ಮಲಗಿದ ಮೂರು ವರ್ಷಕ್ಕೆ, 1990ರಲ್ಲಿ, ಮೂಲನಿವಾಸಿಗಳ ಪೂರ್ವಜರ ಅಸ್ಥಿಗಳನ್ನು, ಪವಿತ್ರ ವಸ್ತುಗಳನ್ನು ಮ್ಯೂಸಿಯಂಗಳು ಹಿಂದಿರುಗಿಸಬೇಕು ಎಂಬ ಕಾಯ್ದೆ ಅಮೆರಿಕದಲ್ಲಿ ಬಂತು. ಅದಕ್ಕಾಗಿ ಎಷ್ಟೋ ಸಮುದಾಯಗಳು ದಶಕಗಟ್ಟಲೆ ಹೋರಾಡಿದ್ದವು. ಬಾಲ್ಬೋವಾ ಪಾರ್ಕಿನ ಮ್ಯೂಸಿಯಂ 2020ರಲ್ಲಿ ತನ್ನ ಹೆಸರನ್ನು ಮ್ಯೂಸಿಯಂ ಆಫ್ ಅಸ್ ಎಂದು ಬದಲಾಯಿಸಿಕೊಂಡಿತು.

ಸ್ಯಾನ್ ಡಿಯೇಗೊಗೆ ಬರುವ ಕನ್ನಡದವರಿಗೆ ನಾನೊಂದು ಮಾತು ಹೇಳುತ್ತಿರುತ್ತೇನೆ. ಬೀಚು, ಜೂ ನೋಡಿ ಆದಮೇಲೆ ಒಂದು ಬೆಳಿಗ್ಗೆ 76ನೇ ರಾಜ್ಯ ಹೆದ್ದಾರಿ ಹಿಡಿಯಿರಿ. ಸಮುದ್ರದ ಪಕ್ಕದ ಓಷನ್‌ಸೈಡ್‌ನಲ್ಲಿ ಅದು ಶುರುವಾಗುತ್ತದೆ. ಸ್ವಲ್ಪ ದೂರದಲ್ಲೇ ಪಾಬ್ಲೊ ತಾಕ್ ಹುಟ್ಟಿದ ಸ್ಯಾನ್ ಲೂಯಿಸ್ ರೇ ಮಿಷನ್ ಸಿಗುತ್ತದೆ, ಇಳಿದು ನೋಡಿ. ಆಮೇಲೆ ಪಾಲಾ, ಪಾವ್ಮಾ ಕಣಿವೆ ದಾಟಿ ಬೆಟ್ಟ ಹತ್ತಿದರೆ ಲಾ ಹೋಯಾ ರಿಸರ್ವೇಶನ್, ಲೂನಾ ಬಾಳಿದ ಊರು. ಅದು ಜನ ವಾಸ ಮಾಡುವ ಜಾಗ, ಸುಮ್ನೆ ಕ್ಯಾಮೆರಾ ಹಿಡಿದು ಯಾರ ಮನೆ ಮುಂದೆಯೂ ನಿಲ್ಲಬೇಡಿ. ಹೋಗುವ ಹಿಂದಿನ ರಾತ್ರಿ ಆ ಕ್ರಿಸ್ಮಸ್ ವಿಡಿಯೊ ಸಿಕ್ಕಿದರೆ ನೋಡಿಕೊಂಡು ಹೋಗಿ.